ಬಲಗೈಗೆ ಪ್ಲಾಸ್ಟರ್ ಬಿದ್ದ ಮೇಲೆ

‘ಶಕ್ತಿಗಿಂತ ಯುಕ್ತಿ ಮೇಲು’ ಎಂಬ ಗಾದೆಯನ್ನು ನನಗೆ ಹೇಳಿದವರಲ್ಲಿ ಯಾರೂ ಮುಖಕ್ಕೆ ಗುದ್ದಿಸಿಕೊಂಡವರಲ್ಲ. ಒಬ್ಬರು ಶಾಲೆಯ ಮೇಷ್ಟ್ರು, ಒಬ್ಬರು ದಾಲ್ ಮಿಲ್ಲಿನ ಗುಮಾಸ್ತರು, ಇನ್ನೊಬ್ಬರು ನನ್ನ ಸೋದರಮಾವ. ಗಾದೆ ಸುಳ್ಳೆಂದು ನಾನು ಹೇಳುತ್ತಿಲ್ಲ. ಆದರೆ ರಿಂಗ್‌ನೊಳಗೆ ನಿಂತು ಒಂದು ಸಲ ನಿಜವಾದ ಗಟ್ಟಿ ಗುದ್ದು ತಿಂದವನಿಗೆ ಆ ಮಾತು ಅಷ್ಟು ಸಲೀಸಾಗಿ ಬಾಯಿಗೆ ಬರುವುದಿಲ್ಲ. ಹಾಗೆಯೇ ಗಟ್ಟಿ ಗುದ್ದೊಂದನ್ನೇ ನಂಬಿ ರಿಂಗ್ ಹತ್ತಿ, ಒಂದನ್ನೂ ತಾಗಿಸಲಾಗದೆ ಇಳಿದು ಬಂದವನಿಗೆ ಅದನ್ನು ಅಲ್ಲಗಳೆಯುವ ಮುಖವೂ ಇರುವುದಿಲ್ಲ. ನನಗೆ ಎರಡೂ ಆಗಿವೆ.

ಈಗ ಕಲಬುರಗಿಯಲ್ಲಿ ಬೆಳಗಿನ ಹೊತ್ತು ಇಪ್ಪತ್ತು ಮಕ್ಕಳಿಗೆ ಬಾಕ್ಸಿಂಗ್ ಹೇಳಿಕೊಡುತ್ತೇನೆ. ಹೊಸದಾಗಿ ಬಂದ ಹುಡುಗರು ಮೊದಲ ವಾರದಲ್ಲಿ ಕೇಳುವ ಪ್ರಶ್ನೆ ಒಂದೇ: ‘ಸರ್, ಗುದ್ದು ಜೋರಾಗಬೇಕೆಂದರೆ ಏನು ಮಾಡಬೇಕು?’ ಹುಡುಗಿಯರು ಇದನ್ನು ಕೇಳುವುದು ಕಡಿಮೆ. ಏಟು ತಪ್ಪಿಸಿಕೊಳ್ಳುವುದು ಹೇಗೆಂದು ಅವರು ಮೊದಲು ಕೇಳುತ್ತಾರೆ. ಬೇಗ ಕಲಿಯುವುದೂ ಅವರೇ. ಹುಡುಗರ ಪ್ರಶ್ನೆಗೆ ನನ್ನ ಉತ್ತರ ಇಷ್ಟು ವರ್ಷಗಳಲ್ಲಿ ಎರಡು ಸಲ ಬದಲಾಗಿದೆ.

ನಮ್ಮ ಮೂಲ ಆಳಂದ ತಾಲ್ಲೂಕಿನ ಒಂದು ಹಳ್ಳಿ. ತೊಗರಿ, ಜೋಳ ಬೆಳೆಯುವ ಎರಡು ಎಕರೆ ಕಪ್ಪು ನೆಲ. ಮಳೆ ಬಂದರೆ ಬೆಳೆ, ಇಲ್ಲದಿದ್ದರೆ ಸಾಲ. ಎರಡು ವರ್ಷ ಸತತವಾಗಿ ಮಳೆ ಕೈಕೊಟ್ಟಾಗ ಅಪ್ಪ ಕಲಬುರಗಿಗೆ ಬಂದು ನೆಹರೂ ಗಂಜ್‌ನಲ್ಲಿ ಹಮಾಲಿಗೆ ನಿಂತರು. ಪಿಯುಸಿಯಲ್ಲಿ ಇಂಗ್ಲಿಷ್ ನನ್ನ ಕೈಬಿಟ್ಟಿತು. ನಾನೂ ಕಪನೂರಿನ ಕಡೆಯ ಒಂದು ದಾಲ್ ಮಿಲ್ಲಿಗೆ ಚೀಲ ಹೊರಲು ಸೇರಿದೆ. ಆಗ ಕ್ವಿಂಟಲ್ ಚೀಲಗಳೇ ಹೆಚ್ಚು. ಇಬ್ಬರು ಎತ್ತಿ ಬೆನ್ನಿಗೆ ಕೊಡುತ್ತಿದ್ದರು. ಬಾಗಿದ ಬೆನ್ನಿನ ಮೇಲೆ ಅದನ್ನು ತಾಳಿಕೊಂಡು ಲಾರಿಗೆ ಚಾಚಿದ ಹಲಗೆ ಹತ್ತಬೇಕು. ಒಂದು ವರ್ಷದೊಳಗೆ ನನ್ನ ಹೆಗಲು, ಬೆನ್ನು, ತೊಡೆ ಬಂಡೆಯಂತಾದವು. ತೂಕ ಮಾತ್ರ 63 ಕಿಲೋ.

2007ರ ಶರಣಬಸವೇಶ್ವರ ಜಾತ್ರೆಯಲ್ಲಿ ಗುದ್ದು ಅಳೆಯುವ ಯಂತ್ರವೊಂದು ಬಂದಿತ್ತು. ಹತ್ತು ರೂಪಾಯಿ ಕೊಟ್ಟು, ನೇತಾಡುವ ಚರ್ಮದ ಚೆಂಡಿಗೆ ಗುದ್ದಿದರೆ ಮೇಲೆ ಕೆಂಪು ದೀಪದಲ್ಲಿ ಅಂಕಿ ಮೂಡುತ್ತದೆ. ನಾನು ಗುದ್ದಿದ ಮೂರು ಸಲವೂ ಅಲ್ಲಿಯವರೆಗಿನ ಎಲ್ಲ ಅಂಕಿಗಳು ಕೆಳಗೆ ಬಿದ್ದವು. ಗಂಜ್‌ನ ಗೆಳೆಯರು ಕೇಕೆ ಹಾಕಿದರು. ಹಿಂದೆ ನಿಂತಿದ್ದ, ಬಿಳಿ ಮೀಸೆಯ, ಎತ್ತರದ ವ್ಯಕ್ತಿಯೊಬ್ಬರು ಮೆಲ್ಲಗೆ ಕೇಳಿದರು: ‘ತಮ್ಮಾ, ಆ ಚೆಂಡು ನಿನ್ನನ್ನು ತಿರುಗಿ ಹೊಡೆಯುತ್ತದೆಯೇ?’

ಅವರು ಸೇನೆಯಿಂದ ನಿವೃತ್ತರಾದ ಸುಬೇದಾರರು, ತಮ್ಮ ತುಕಡಿಯ ಪರವಾಗಿ ವರ್ಷಗಟ್ಟಲೆ ಬಾಕ್ಸಿಂಗ್ ಆಡಿದವರು. ಶಹಾಬಜಾರಿನ ಅವರ ಮನೆಯಂಗಳದಲ್ಲಿ ಏಳೆಂಟು ಹುಡುಗರಿಗೆ ಕಲಿಸುತ್ತಿದ್ದರು. ತಾಲೀಮಿನ ಪೈಲ್ವಾನರಿಗೆ ಹೇಳುವ ಹಾಗೆ ನಾವೆಲ್ಲ ಅವರನ್ನು ಉಸ್ತಾದರು ಎನ್ನುತ್ತಿದ್ದೆವು. ಅಲ್ಲಿ ರಿಂಗ್ ಇರಲಿಲ್ಲ, ಸುಣ್ಣದಿಂದ ಎಳೆದ ಚೌಕವಿತ್ತು. ಬೇವಿನ ಮರಕ್ಕೆ ತೂಗುಹಾಕಿದ ಗೋಣಿಚೀಲದಲ್ಲಿ ಹಳೆಬಟ್ಟೆ, ಕಟ್ಟಿಗೆಪುಡಿ, ನಡುವೆ ಒಂದಿಷ್ಟು ಮರಳು. ಅಂಗಳಕ್ಕೆ ಹಾಸಿದ್ದು ಶಹಾಬಾದಿನ ಫರಸಿ ಕಲ್ಲು, ಎರಡಡಿಗೆ ಎರಡಡಿ. ಈ ಕಲ್ಲುಗಳ ವಿಷಯ ಮುಂದೆ ಬರುತ್ತದೆ.

ಮೊದಲ ಎರಡು ವರ್ಷ ನಾನು ಉಸ್ತಾದರ ಮಾತನ್ನು ಕೇಳಿದಂತೆ ನಟಿಸಿದೆ. ಅವರು ಕಾಲು, ಅಂತರ, ಉಸಿರು ಎನ್ನುತ್ತಿದ್ದರು. ನಾನು ಮರದ ಚೀಲವನ್ನು ಒಡೆಯುತ್ತಿದ್ದೆ. ಅಭ್ಯಾಸದಲ್ಲಿ ನನ್ನೆದುರು ನಿಲ್ಲಲು ಉಳಿದ ಹುಡುಗರು ಹಿಂದೆಮುಂದೆ ನೋಡುತ್ತಿದ್ದರು. ಸುತ್ತಮುತ್ತಲ ಜಿಲ್ಲೆಗಳಲ್ಲಿ ಆಡಿದ ನಾಲ್ಕು ಪಂದ್ಯಗಳಲ್ಲಿ ಮೂರು ಮೊದಲ ರೌಂಡಿನಲ್ಲೇ ಮುಗಿದಿದ್ದವು. ಎದುರಾಳಿಗಳೂ ನನ್ನಂತೆಯೇ ಹಸಿಬಿಸಿಯವರು. ಇಬ್ಬರೂ ಕಣ್ಣು ಮುಚ್ಚಿ ಬೀಸುತ್ತಿದ್ದೆವು, ಯಾರ ಕೈ ಭಾರವೋ ಅವನು ಗೆಲ್ಲುತ್ತಿದ್ದ. ಆಗ ಯಾರಾದರೂ ಗುದ್ದಿನ ಬಲದ ಬಗ್ಗೆ ಕೇಳಿದ್ದರೆ, ಅದೊಂದಿದ್ದರೆ ಸಾಕು ಎನ್ನುತ್ತಿದ್ದೆ. ಅದು ನನ್ನ ಮೊದಲ ಉತ್ತರ.

2009ರಲ್ಲಿ ಬೆಂಗಳೂರಿನಲ್ಲಿ ರಾಜ್ಯಮಟ್ಟದ ಪಂದ್ಯ. 64 ಕಿಲೋ ವಿಭಾಗ. ಎದುರಿಗೆ ಬಂದವನು ಬೆಂಗಳೂರಿನ ತೆಳ್ಳನೆಯ ಹುಡುಗ. ತೋಳುಗಳು ನುಗ್ಗೆಕಾಯಿಯ ಹಾಗಿದ್ದವು. ನೋಡಿ ನನಗೆ ಮರುಕ ಬಂತು. ಗಂಟೆ ಹೊಡೆದ ಕೂಡಲೇ ಬಲಗೈ ಬೀಸಿದೆ, ಅವನಿರಲಿಲ್ಲ. ಮತ್ತೆ ಬೀಸಿದೆ, ಇರಲಿಲ್ಲ. ಪ್ರತಿ ಸಲವೂ ಅವನ ಎಡಗೈ ನನ್ನ ಮೂಗಿಗೆ ತಟ್ಟಿ ಹೋಗುತ್ತಿತ್ತು. ನೋವಾಗುವಂಥದ್ದೇನಲ್ಲ, ಯಾರೋ ಬಾಗಿಲು ಬಡಿದ ಹಾಗೆ.

ಮೂರು ನಿಮಿಷದ ಮೂರು ರೌಂಡ್. ಎರಡನೆಯದು ಅರ್ಧವಾಗುವಷ್ಟರಲ್ಲಿ ನನ್ನ ಕೈಗಳು ನೀರು ಕುಡಿದ ಗೋಣಿಯಂತೆ ಜೋತುಬಿದ್ದವು. ದಿನಕ್ಕೆ ನೂರು ಚೀಲ ಹೊರುವವನಿಗೆ ಐದು ನಿಮಿಷದೊಳಗೆ ಏಕೆ ಹೀಗಾಯಿತು ಎಂದು ಆಮೇಲೆ ಬಹಳ ಯೋಚಿಸಿದೆ. ಹಮಾಲಿಯಲ್ಲಿ ಚೀಲ ಇಳಿಸಿ ಮರಳಿ ಬರುವಾಗ ಉಸಿರು ಹಿಡಿತಕ್ಕೆ ಬರುತ್ತದೆ, ಕೆಲಸಕ್ಕೊಂದು ಲಯವಿದೆ. ರಿಂಗ್‌ನಲ್ಲಿ ಆ ಲಯವನ್ನು ಕೊಡುವುದೂ ಕಸಿಯುವುದೂ ಎದುರಾಳಿ. ಗಾಳಿಗೆ ಹೊಡೆದ ಗುದ್ದು ತಾಗಿದ ಗುದ್ದಿಗಿಂತ ಹೆಚ್ಚು ದಣಿಸುತ್ತದೆ. ಬೀಸಿದ ಕೈಯನ್ನು ತಡೆಯುವವರಿಲ್ಲದೆ ನಾವೇ ಎಳೆದು ನಿಲ್ಲಿಸಿಕೊಳ್ಳಬೇಕು. ಮೂರನೆಯ ರೌಂಡಿನಲ್ಲಿ ನಾನು ನಿಂತಿದ್ದೆ ಅಷ್ಟೇ, ಆಡಿದವನು ಅವನು. ಐವರು ತೀರ್ಪುಗಾರರಲ್ಲಿ ಐವರೂ ಅವನ ಕಡೆ.

ಇಲ್ಲಿ ಆ ಕಾಲದ ನಿಯಮದ ಬಗ್ಗೆ ಹೇಳಬೇಕು. 1988ರ ಸೋಲ್ ಒಲಿಂಪಿಕ್ಸ್ ಫೈನಲ್‌ನಲ್ಲಿ ಅಮೆರಿಕದ ರಾಯ್ ಜೋನ್ಸ್ ಎದುರಾಳಿಗಿಂತ ಎಷ್ಟೋ ಹೆಚ್ಚು ಗುದ್ದು ತಾಗಿಸಿಯೂ ಸೋತರೆಂದು ಘೋಷಿಸಲಾಯಿತು. ಅದರಿಂದೆದ್ದ ಗದ್ದಲದ ನಂತರ 1992ರ ಬಾರ್ಸಿಲೋನಾ ಒಲಿಂಪಿಕ್ಸ್‌ಗೆ ಯಂತ್ರದ ಎಣಿಕೆ ಬಂತು. ಐವರಲ್ಲಿ ಮೂವರು ತೀರ್ಪುಗಾರರು ಒಂದು ಸೆಕೆಂಡಿನೊಳಗೆ ಗುಂಡಿ ಒತ್ತಿದರೆ ಒಂದು ಅಂಕ. ಮೈಯ ಅಥವಾ ಹೆಗಲಿನ ಭಾರ ಗುದ್ದಿನ ಹಿಂದೆ ಇರಬೇಕೆಂದು ನಿಯಮದಲ್ಲಿ ಬರೆದಿತ್ತು, ನಿಜ. ಆದರೆ ಎದುರಾಳಿಯನ್ನು ನೆಲಕ್ಕೆ ಬೀಳಿಸಿದ ಗುದ್ದಿಗೂ ಒಂದೇ ಅಂಕ, ಮುಂದಿಟ್ಟ ಕೈಯಿಂದ ಮೂಗಿಗೆ ತಟ್ಟಿದ ಜಾಬ್ ಎಂಬ ಹಗುರ ಗುದ್ದಿಗೂ ಒಂದೇ ಅಂಕ. ನಮ್ಮ ಪಂದ್ಯದಲ್ಲಿ ಯಂತ್ರವಿರಲಿಲ್ಲ, ಕಾಗದದ ಮೇಲೆ ಗೆರೆ ಎಳೆಯುತ್ತಿದ್ದರು. ಆದರೆ ಎಲ್ಲರ ಕಣ್ಣು ಎಣಿಕೆಗೇ ಒಗ್ಗಿತ್ತು. 2013ರಲ್ಲಿ ರೌಂಡ್ ಗೆದ್ದವನಿಗೆ ಹತ್ತು ಅಂಕ ಕೊಡುವ ಪದ್ಧತಿ ಬಂದು, ಗುದ್ದಿನ ಗುಣಮಟ್ಟ, ಮೇಲುಗೈ, ಹೋರಾಟದ ಹುರುಪು ಇವನ್ನೆಲ್ಲ ನೋಡತೊಡಗಿದರು. ಪುರುಷರ ತಲೆಗವಸನ್ನು ತೆಗೆದದ್ದೂ ಅದೇ ವರ್ಷ. ಸೋತವನಿಗೆ ನಿಯಮವನ್ನು ಬೈಯುವುದು ಸುಲಭ. ಉದ್ಯಾನ್ ಎಕ್ಸ್‌ಪ್ರೆಸ್‌ನ ಸಾಮಾನ್ಯ ಬೋಗಿಯಲ್ಲಿ ಶೌಚಾಲಯದ ಪಕ್ಕ ಕೂತು ನಾನು ರಾತ್ರಿಯಿಡೀ ಅದನ್ನೇ ಮಾಡಿದೆ. ಬೆಳಿಗ್ಗೆ ಕಲಬುರಗಿಯಲ್ಲಿ ಇಳಿಯುವಾಗ ಉಸ್ತಾದರು ಒಂದೇ ಮಾತು ಹೇಳಿದರು: ‘ಜಾತ್ರೆಯಲ್ಲಿ ತೇರು ಎಳೆಯುವವರು ಸಾವಿರ ಮಂದಿ, ತಮ್ಮಾ. ಗಾಲಿಗೆ ಸನ್ನೆ ಹಾಕುವವರು ಇಬ್ಬರು. ತೇರು ತಿರುಗುವುದು ಯಾರು ಹೇಳಿದಂತೆ?’

ಕೇಳಿಸಿಕೊಂಡೆ, ಕಲಿಯಲಿಲ್ಲ. ಕಲಿಸಿದ್ದು ಮೂಳೆ.

2010ರ ಬೇಸಿಗೆ. ಅಭ್ಯಾಸದಲ್ಲಿ ಬಲಗೈಯನ್ನು ಕುಡುಗೋಲಿನಂತೆ ಸುತ್ತಿ ಬೀಸಿದೆ. ಎದುರಿನ ಹುಡುಗ ತಲೆ ತಗ್ಗಿಸಿದ, ನನ್ನ ಮುಷ್ಟಿ ಅವನ ನೆತ್ತಿಗೆ ಬಿತ್ತು. ಕಿರುಬೆರಳಿನ ಹಿಂದಿನ ಮೂಳೆ ಲಟಕ್ಕೆಂದದ್ದು ಕಿವಿಗೆ ಕೇಳಿಸಿತು. ಎಕ್ಸ್‌ರೇ ನೋಡಿದ ಡಾಕ್ಟರು ನಕ್ಕು ಹೇಳಿದರು: ‘ಇದಕ್ಕೆ ಬಾಕ್ಸರ್ ಮುರಿತ ಎಂದೇ ಹೆಸರು. ಆದರೆ ಹೆಚ್ಚಾಗಿ ಬರುವುದು ಗುದ್ದಲು ಬಾರದವರಿಗೆ. ಗೋಡೆಗೆ ಗುದ್ದಿದವರಿಗೆ, ಕುಡಿದು ಜಗಳವಾಡಿದವರಿಗೆ.’ ಸರಿಯಾಗಿ ಗುದ್ದಿದರೆ ಭಾರ ಬೀಳಬೇಕಾದದ್ದು ತೋರುಬೆರಳು ಮತ್ತು ನಡುಬೆರಳಿನ ಗೆಣ್ಣುಗಳ ಮೇಲೆ. ಅವುಗಳ ಹಿಂದಿನ ಮೂಳೆಗಳು ಮಣಿಕಟ್ಟಿಗೆ ಭದ್ರವಾಗಿ ಕೂತಿರುತ್ತವೆ. ಕಿರುಬೆರಳಿನ ಕಡೆಯದು ತೆಳುವು, ಅಲುಗಾಡುವಂಥದ್ದು. ನನಗಿದ್ದ ಬಲವೇ ಅದನ್ನು ಮುರಿದಿತ್ತು. ಇನ್ನಷ್ಟು ಬಲವಿದ್ದಿದ್ದರೆ ಇನ್ನಷ್ಟು ಮುರಿಯುತ್ತಿತ್ತು. ಕೈಗೆ ಪಟ್ಟಿ ಕಟ್ಟುವುದರಲ್ಲೂ ನನ್ನದು ಅವಸರವೇ: ಅಂಗೈಗೆ ನಾಲ್ಕು ಸುತ್ತು ಹಾಕಿ, ಮಣಿಕಟ್ಟನ್ನು ಬಿಟ್ಟುಬಿಡುತ್ತಿದ್ದೆ.

ನಾಲ್ಕು ವಾರ ಪ್ಲಾಸ್ಟರ್. ಚೀಲ ಹೊರುವಂತಿಲ್ಲ, ಮಿಲ್ಲಿನ ಮುಕದ್ದಮರು ಕರುಣೆಯಿಂದ ಚೀಟಿ ಬರೆಯುವ ಕೆಲಸ ಕೊಟ್ಟರು, ಎಡಗೈಯಿಂದ ಬರೆದ ಅಂಕಿಗಳನ್ನು ಓದಲಾಗದೆ ನಾಲ್ಕೇ ದಿನಕ್ಕೆ ವಾಪಸು ಕಳುಹಿಸಿದರು. ಉಸ್ತಾದರ ಮನೆಗೆ ಹೋಗಿ ಮೂಲೆಯಲ್ಲಿ ಕೂತೆ. ‘ಮುರಿದದ್ದು ಕೈ. ಕಾಲು ಎರಡೂ ಇವೆಯಲ್ಲ, ಏಳು,’ ಎಂದರು.

ಫರಸಿ ಕಲ್ಲುಗಳ ಪಾಠ ಹಾಗೆ ಶುರುವಾಯಿತು. ಎಡಗಾಲು ಒಂದು ಕಲ್ಲಿನ ಮೇಲೆ, ಬಲಗಾಲು ಅದರ ಹಿಂದೆ ಮೂಲೆಗೆ ಹೊಂದಿದ ಕಲ್ಲಿನ ಮೇಲೆ. ಮುಂದೆ ಹೋಗುವಾಗ ಮುಂದಿನ ಕಾಲು ಮೊದಲು, ಹಿಂದೆ ಸರಿಯುವಾಗ ಹಿಂದಿನದು ಮೊದಲು, ಎಡಕ್ಕೆ ಎಡಗಾಲು, ಬಲಕ್ಕೆ ಬಲಗಾಲು. ಎಷ್ಟೇ ಓಡಾಡಿದರೂ ಎರಡು ಕಾಲುಗಳ ನಡುವಿನ ಸಂದು ಬದಲಾಗಕೂಡದು, ಒಂದರ ಮೇಲೊಂದು ಹಾಯಕೂಡದು. ಕಲ್ಲಿನ ಸಂದುಗೆರೆಯೇ ಸಾಕ್ಷಿ; ಗೆರೆ ತುಳಿದರೆ ಉಸ್ತಾದರು ಬೆತ್ತದಿಂದ ನೆಲಕ್ಕೆ ಬಡಿಯುತ್ತಿದ್ದರು. ಕಲಬುರಗಿಯ ಮೇ ತಿಂಗಳು ನಿಮಗೆ ಗೊತ್ತಿದ್ದರೆ ಆ ಕಲ್ಲು ಎಂಟು ಗಂಟೆಗೆಲ್ಲ ಹೆಂಚಾಗುತ್ತದೆಂಬುದೂ ಗೊತ್ತಿರುತ್ತದೆ. ಐದಕ್ಕೆ ಶುರು ಮಾಡಿ ಏಳೂವರೆಗೆ ಮುಗಿಸುತ್ತಿದ್ದೆವು. ಎರಡು ವಾರ ಬರೀ ಕಾಲು.

ಮೂರನೆಯ ವಾರ ಒಂದು ಸಂಗತಿ ಹೊಳೆಯಿತು. ಎದುರಿನವನು ನನ್ನಿಂದ ಎಷ್ಟು ಕಲ್ಲು ದೂರವಿದ್ದಾನೆ ಎಂಬುದರ ಮೇಲೆ ಅವನು ಏನು ಮಾಡಬಲ್ಲನೆಂಬುದು ನಿಂತಿತ್ತು. ಎರಡು ಕಲ್ಲಿನಾಚೆ ಅವನು ನಿರುಪದ್ರವಿ. ಒಂದೂವರೆಗೆ ಬಂದರೆ ಅವನು ಮುಂದಿಟ್ಟ ಕೈ ಮಾತ್ರ ತಲುಪುತ್ತದೆ. ಒಂದಕ್ಕೆ ಬಂದರೆ ಎಲ್ಲವೂ. ಬೆಂಗಳೂರಿನ ಆ ಹುಡುಗ ಒಂಬತ್ತು ನಿಮಿಷವೂ ನನ್ನನ್ನು ಒಂದೂವರೆ ಕಲ್ಲಿನ ಮೇಲೆ ಇಟ್ಟಿದ್ದ. ಅವನ ಉದ್ದ ತೋಳಿಗೆ ಅದು ಸಾಕು, ನನ್ನ ಗಿಡ್ಡ ಬಲಗೈಗೆ ಸಾಲದು. ನನ್ನ ಕೈಯಲ್ಲಿ ಮದ್ದಿತ್ತು, ತೋಪು ಮಾತ್ರ ಕೋಟೆಗೆ ತಲುಪುವ ದೂರದಲ್ಲಿರಲಿಲ್ಲ. ನಮ್ಮ ಕಲಬುರಗಿ ಕೋಟೆಯ ಉದ್ದನೆಯ ಬಾರಾ ಗಜೀ ತೋಪಿನ ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳುವಾಗ ಈಗಲೂ ಅದೇ ನೆನಪಾಗುತ್ತದೆ.

ಕಾಲಿನ ನಂತರ ಎಡಗೈ. ಬಲಗೈ ಪ್ಲಾಸ್ಟರಿನೊಳಗೆ ಎದೆಗೆ ಅಂಟಿಕೊಂಡಿತ್ತು, ಹಾಗಾಗಿ ಆಡಲು ಇದ್ದದ್ದು ಜಾಬ್ ಒಂದೇ. ಅದನ್ನು ಗುದ್ದು ಎನ್ನಲು ನನಗೆ ಮೊದಲು ನಾಚಿಕೆಯಾಗುತ್ತಿತ್ತು. ಹೋದಷ್ಟೇ ಬೇಗ, ಹೋದ ದಾರಿಯಲ್ಲೇ ಕೈ ಮರಳಬೇಕು. ಬರುವಾಗ ಕೆಳಗೆ ಜಾರಿದರೆ ದವಡೆ ಬಯಲಾಗುತ್ತದೆ. ಗಲ್ಲವನ್ನು ಎಡಹೆಗಲಿನ ಹಿಂದೆ ಅಡಗಿಸಬೇಕು. ಪ್ಲಾಸ್ಟರ್ ಬಿಚ್ಚಿದ ಮೇಲೂ ಆರು ವಾರ ಬಲಗೈ ಬಳಸಲು ಉಸ್ತಾದರು ಬಿಡಲಿಲ್ಲ. ಒಂದೇ ಕೈಯಿಂದ ಸ್ಪಾರಿಂಗ್, ಅಂದರೆ ಅಭ್ಯಾಸದ ಪಂದ್ಯ. ಜೊತೆಗಾರ ಎರಡೂ ಕೈ ಬಳಸಬಹುದು, ನಾನು ಒಂದೇ; ಇಬ್ಬರೂ ತಟ್ಟಬೇಕಷ್ಟೇ, ಗುದ್ದುವಂತಿಲ್ಲ. ಮೊದಮೊದಲು ಮುಖವೆಲ್ಲ ಕೆಂಪು. ಆಮೇಲಾಮೇಲೆ ಅವನ ಹೆಗಲು ಅಲುಗುವುದು ಕಾಣತೊಡಗಿತು. ಗುದ್ದು ಹೊರಡುವ ಮುನ್ನ ಹೆಗಲು ಹೇಳುತ್ತದೆ, ಅದಕ್ಕೂ ಮುನ್ನ ಕಾಲು ಹೇಳುತ್ತದೆ. ಎರಡು ವರ್ಷ ನಾನು ನೋಡುತ್ತಿದ್ದದ್ದು ನನ್ನ ಕೈಯನ್ನೇ.

ಬಲಗೈ ಬಳಸಲು ಅಪ್ಪಣೆ ಸಿಕ್ಕ ದಿನ ವಿಚಿತ್ರವೊಂದು ನಡೆಯಿತು. ಮೂಳೆಯ ಭಯದಿಂದ ಅರ್ಧ ಬಲದಲ್ಲಿ, ಎಡಗೈ ಜಾಬ್‌ನ ಹಿಂದೆಯೇ, ನೇರವಾಗಿ ಬಲಗೈ ಚಾಚಿದೆ. ನನಗಿಂತ ಐದು ಕಿಲೋ ಹೆಚ್ಚು ತೂಕದ ಜೊತೆಗಾರ ಅಲ್ಲೇ ಕುಕ್ಕರಿಸಿಬಿಟ್ಟ. ನನಗೇ ಗಾಬರಿ. ಹಿಂದೆ ಇದರ ಎರಡರಷ್ಟು ಬಲದ ಗುದ್ದುಗಳನ್ನು ಅವನು ತಿಂದು ನಕ್ಕಿದ್ದ. ಉಸ್ತಾದರು ವಿವರಿಸಿದರು: ಬರುವುದು ಕಂಡರೆ ಕತ್ತಿನ ಸ್ನಾಯು ತಾನಾಗಿ ಬಿಗಿಯುತ್ತದೆ, ತಲೆ ಮತ್ತು ಮೈ ಒಂದೇ ಗಂಟಾಗಿ ಏಟನ್ನು ಹಂಚಿಕೊಳ್ಳುತ್ತವೆ. ಕಾಣದಿದ್ದರೆ ಕತ್ತು ಸಡಿಲ. ಗಲ್ಲದ ತುದಿಗೆ ಬಿದ್ದ ಏಟು ತಲೆಯನ್ನು ಗಕ್ಕನೆ ತಿರುಗಿಸುತ್ತದೆ, ಒಳಗಿನ ಮಿದುಳು ಹಿಂದುಳಿದು ಹೊಯ್ದಾಡುತ್ತದೆ. ಅವನ ಕಣ್ಣು ನನ್ನ ಎಡಗೈಯ ಮೇಲಿತ್ತು. ಅಲ್ಲಿಂದ ನನ್ನ ಎರಡನೆಯ ಉತ್ತರ ಹುಟ್ಟಿತು: ಬಲ ಏನೂ ಅಲ್ಲ, ಕಾಲು, ಕಣ್ಣು, ಜಾಬ್ ಇವೇ ಎಲ್ಲ. ಹೊಸದಾಗಿ ಮತಾಂತರಗೊಂಡವನ ಉತ್ಸಾಹದಿಂದ ಗಂಜ್‌ನಲ್ಲಿ, ಚಹಾದಂಗಡಿಯಲ್ಲಿ ಇದನ್ನು ಬೋಧಿಸುತ್ತಿದ್ದೆ. ಸೋದರಮಾವನಿಗೆ ಬಹಳ ಸಂತೋಷವಾಯಿತು.

ಅದೂ ತಪ್ಪೆಂದು ತಿಳಿದದ್ದು 2011ರಲ್ಲಿ, ಹುಬ್ಬಳ್ಳಿ ಕಡೆಯ ಒಬ್ಬ ಗಟ್ಟಿಗನಿಂದ. ಮೊದಲ ರೌಂಡ್ ಪೂರ್ತಿ ನನ್ನದೇ. ಜಾಬ್ ಹಾಕಿ ಸರಿಯುತ್ತಿದ್ದೆ, ಅವನು ಹುಡುಕುತ್ತಿದ್ದ. ಎರಡನೆಯ ರೌಂಡಿನ ನಡುವೆ ಅವನ ಮುಖ ಬದಲಾಯಿತು. ನನ್ನ ಜಾಬ್ ತಿಂದು ನಿಂತ. ಇನ್ನೊಂದು ತಿಂದು ಒಂದು ಹೆಜ್ಜೆ ಮುಂದೆ ಬಂದ. ಬಲಗೈ ಕೊಟ್ಟೆ; ಮೂಳೆ ಮುರಿದ ನೆನಪಿನಲ್ಲಿ ಕೊನೆಯ ಗಳಿಗೆಯಲ್ಲಿ ಕೈ ತಾನೇ ಹಿಂದೆಗೆಯುತ್ತಿತ್ತು, ತಾಗಿದ್ದು ಬೆಣ್ಣೆ ಸವರಿದಂತೆ. ಅವನು ಮುಗುಳ್ನಕ್ಕ. ಆ ನಗು ಇಂದಿಗೂ ಕಣ್ಣಿಗೆ ಕಟ್ಟಿದೆ. ಅಲ್ಲಿಂದ ಅವನು ನನ್ನ ಎಡಗೈಯನ್ನು ಮಳೆಹನಿಯಂತೆ ಒರೆಸಿಕೊಂಡು ನೇರವಾಗಿ ನಡೆದು ಬಂದ. ಒಂದೂವರೆ ಕಲ್ಲಿನ ದೂರ ಒಂದಾಯಿತು, ಅರ್ಧವಾಯಿತು, ಹಗ್ಗಕ್ಕೆ ನನ್ನ ಬೆನ್ನು ತಾಗಿತು. ಕಾಲಿನ ವಿದ್ಯೆಗೆ ಜಾಗ ಬೇಕು. ಹಗ್ಗಕ್ಕೆ ಬೆನ್ನು ಕೊಟ್ಟವನಿಗೆ ಕಾಲು ಇದ್ದೇನು? ಮೂಲೆಗೆ ಬಂದಾಗ ಉಸ್ತಾದರು ಬಾಯಿಗೆ ನೀರು ಹಾಕುತ್ತ ಹೇಳಿದರು: ‘ಅವನಿಗೆ ನಿನ್ನ ಬಲಗೈಯ ಭಯ ಹೋಗಿದೆ.’ ಅಷ್ಟು ಹೇಳಿ ಸುಮ್ಮನಾದರು. ಹೇಳಲು ಬೇರೇನೂ ಇರಲಿಲ್ಲ. ಸೋತೆ.

ಆಮೇಲೆ ಐದು ತಿಂಗಳು ಬಲಗೈಯನ್ನು ಮತ್ತೆ ಕಟ್ಟಿದೆವು. ಈ ಸಲ ಕಲಿತದ್ದು ಚೀಲ ಹೊರುವ ಬಲಕ್ಕೂ ಗುದ್ದುವ ಬಲಕ್ಕೂ ಇರುವ ವ್ಯತ್ಯಾಸವನ್ನು. ಚೀಲದ ಬಲ ತಾಳುವ ಬಲ: ಮೈ ಬಿಗಿಯಾಗಿರಬೇಕು, ನಿಧಾನವಾಗಿ ಚಲಿಸಬೇಕು. ಗುದ್ದಿಗೆ ಬೇಕಾದದ್ದು ಎಸೆಯುವ ಬಲ. ನಮ್ಮ ಹೊಲದಲ್ಲಿ ಜೋಳ ಹಾಲುಗಾಳಿಗೆ ಬಂದಾಗ ಅಪ್ಪ ಅಟ್ಟದ ಮೇಲೆ ನಿಂತು ಹಕ್ಕಿಗಳಿಗೆ ಕವಣೆ ಬೀಸುತ್ತಿದ್ದರು. ಅವರದು ಕಡ್ಡಿಯಂಥ ತೋಳು, ಕಲ್ಲು ಮಾತ್ರ ಎರಡು ಹೊಲ ದಾಟುತ್ತಿತ್ತು. ಕವಣೆಯ ಹಗ್ಗವನ್ನು ಯಾರೂ ಬಿಗಿಮಾಡಿ ಬೀಸುವುದಿಲ್ಲ. ಉಸ್ತಾದರಿಗೆ ಇದನ್ನು ಹೇಳಿದಾಗ ಅವರು ಹಣೆ ಚಚ್ಚಿಕೊಂಡರು: ‘ನಾಲ್ಕು ವರ್ಷದಿಂದ ನಾನು ಹೇಳುತ್ತಿರುವುದು ಇದನ್ನೇ ಅಲ್ಲವೇ!’

ಹಿಂಗಾಲಿನ ಮುಂಗಾಲ್ಬೆರಳು ನೆಲವನ್ನು ಒತ್ತಿ ಹಿಮ್ಮಡಿ ಹೊರಕ್ಕೆ ತಿರುಗುತ್ತದೆ. ಅದು ಸೊಂಟವನ್ನು ತಿರುಗಿಸುತ್ತದೆ, ಸೊಂಟ ಹೆಗಲನ್ನು ಎಳೆಯುತ್ತದೆ, ಹೆಗಲು ತೋಳನ್ನು ಚಿಮ್ಮುತ್ತದೆ. ಮುಷ್ಟಿ ಬಿಗಿಯುವುದು ತಾಗುವ ಗಳಿಗೆಯಲ್ಲಿ ಮಾತ್ರ, ಅಲ್ಲಿಯವರೆಗೆ ಅದು ಹಿಡಿ ತುಂಬದ ಕೈ. ದಿನವೂ ಮೂರು ಕಿಲೋ ಮರಳಿನ ಗಂಟನ್ನು ಪಕ್ಕಕ್ಕೆ ನಿಂತು ಗೋಡೆಗೆ ಎಸೆಯುತ್ತಿದ್ದೆ. ಕೈಯಿಂದ ಎಸೆದರೆ ಎರಡು ಕಲ್ಲಿನಾಚೆ ಬೀಳುತ್ತಿತ್ತು, ಹಿಮ್ಮಡಿಯಿಂದ ಎಸೆದರೆ ಗೋಡೆಯ ಸುಣ್ಣ ಉದುರುತ್ತಿತ್ತು. ಉಸ್ತಾದರ ಮನೆಯವರು ಆ ಗೋಡೆಯ ಬಗ್ಗೆ ನನ್ನ ಮೇಲೆ ಈಗಲೂ ಮುನಿಸು ಇಟ್ಟುಕೊಂಡಿದ್ದಾರೆ. ಪಟ್ಟಿ ಕಟ್ಟಲು ಹತ್ತು ನಿಮಿಷ ಮೀಸಲು: ಮೊದಲು ಮಣಿಕಟ್ಟಿಗೆ ಮೂರು ಸುತ್ತು, ಗೆಣ್ಣುಗಳ ಮೇಲೆ ಮೂರು, ಬೆರಳುಗಳ ನಡುವೆ ಒಂದೊಂದು, ಮತ್ತೆ ಮಣಿಕಟ್ಟಿಗೆ.

ಬ್ರಿಟನ್ನಿನ ಸಂಶೋಧಕರು 2000ದಲ್ಲಿ ಪ್ರಕಟಿಸಿದ ಒಂದು ಅಳತೆಯನ್ನು ಬಹಳ ವರ್ಷಗಳ ನಂತರ ಓದಿದೆ. ಉನ್ನತ ಮಟ್ಟದ ಬಾಕ್ಸರುಗಳ ಹಿಂದಿಟ್ಟ ಕೈಯ ಗುದ್ದು ಸುಮಾರು 4,800 ನ್ಯೂಟನ್ (ಬಲವನ್ನು ಅಳೆಯುವ ಮಾನ), ಮುಂದಿಟ್ಟ ಕೈಯ ಗುದ್ದು ಸುಮಾರು 2,850. ಹೊಸಬರ ಹಿಂದಿಟ್ಟ ಕೈಯ ಗುದ್ದು ಸುಮಾರು 2,380. ಅಂದರೆ ಪಳಗಿದವನ ಜಾಬ್ ಹೊಸಬನ ಪೂರ್ತಿ ಬಲದ ಗುದ್ದಿಗಿಂತ ಭಾರ. ಬಲ ಹುಟ್ಟಿನಿಂದಲೇ ಬರಬೇಕು, ಕಲಿಸಲಾಗದು ಎನ್ನುವವರಿಗೆ ನಾನು ಈ ಅಂಕಿಗಳನ್ನು ತೋರಿಸುತ್ತೇನೆ. ಹುಟ್ಟಿನಿಂದ ಬರುವ ಪಾಲೂ ಇದೆ, ಇಲ್ಲವೆನ್ನುವುದಿಲ್ಲ. ನಿಜವಾಗಿ ಕಲಿಸಲಾಗದ್ದು ಏಟು ತಿಂದರೂ ನಿಲ್ಲುವ ಗಲ್ಲ. ಅದರ ಬಗ್ಗೆ ಹೆಚ್ಚು ಬರೆದು ಮಕ್ಕಳ ತಾಯಂದಿರನ್ನು ಹೆದರಿಸಲಾರೆ.

2012ರಲ್ಲಿ ಮತ್ತೆ ರಾಜ್ಯಮಟ್ಟ. ಕ್ವಾರ್ಟರ್ ಫೈನಲ್‌ನ ಮೊದಲ ನಿಮಿಷದಲ್ಲೇ, ಎದುರಾಳಿ ಎರಡೂ ಕೈ ಎತ್ತಿ ಮುಖ ಮುಚ್ಚಿಕೊಂಡಿದ್ದಾಗ, ಹಿಮ್ಮಡಿಯಿಂದ ಎತ್ತಿ ಬಲಗೈ ಕೊಟ್ಟೆ. ಅದು ಅವನ ಗ್ಲೌಸ್ ಮೇಲೆ ಬಿತ್ತು. ಗಾರ್ಡ್ ಮೇಲೆ ಬಿದ್ದ ಗುದ್ದಿಗೆ ಅಂಕವಿಲ್ಲ. ಆದರೆ ಅವನ ಕೈ ಅವನದೇ ಹಣೆಗೆ ಬಡಿಯಿತು, ಒಂದು ಹೆಜ್ಜೆ ಹಿಂದೆ ಸರಿದ. ಅವನ ಕಣ್ಣು ನನ್ನ ಬಲಹೆಗಲಿಗೆ ಅಂಟಿಕೊಂಡದ್ದನ್ನು ನಾನು ನೋಡಿದೆ. ಉಳಿದ ಎಂಟು ನಿಮಿಷವೂ ಅದು ಅಲ್ಲಿಂದ ಕದಲಲಿಲ್ಲ. ನಾನು ಹೆಗಲನ್ನು ಸ್ವಲ್ಪ ಅಲುಗಿಸಿದರೆ ಅವನು ಎರಡೂ ಕೈ ಎತ್ತುತ್ತಿದ್ದ, ಎಡಗೈ ಹೊಟ್ಟೆಗೆ ಹೋಗುತ್ತಿತ್ತು. ಒಳಗೆ ನುಗ್ಗುವ ಮನಸ್ಸು ಮಾಡಿದಾಗೆಲ್ಲ ಆ ಮೊದಲ ಗುದ್ದು ಅವನಿಗೆ ನೆನಪಾಗುತ್ತಿತ್ತು. ಇಡೀ ಪಂದ್ಯದಲ್ಲಿ ಬಲಗೈಯಿಂದ ನಾನು ಗಳಿಸಿದ ಅಂಕ ಮೂರೋ ನಾಲ್ಕೋ. ಗೆಲುವು ಎಡಗೈಯದು, ಆದರೆ ಅದಕ್ಕೆ ಕೆಲಸ ಮಾಡಲು ಜಾಗ ಮಾಡಿಕೊಟ್ಟದ್ದು ಅಂಕವಿಲ್ಲದ ಆ ಒಂದು ಗುದ್ದು. ಆ ವರ್ಷ ಕಂಚು ಬಂತು. ಅಪ್ಪ ಅದನ್ನು ಹಲ್ಲಿನಿಂದ ಕಚ್ಚಿ ನೋಡಿ, ‘ಮಾರಿದರೆ ಏನೂ ಬಾರದು,’ ಎಂದರು.

ಇದು ನನ್ನ ಮೂರನೆಯ ಉತ್ತರ, ಇನ್ನೂ ಬದಲಾಗಿಲ್ಲ. ನನ್ನ ಲೆಕ್ಕದಲ್ಲಿ ಮೊದಲು ಅಂತರ ಕಾಯುವ ಕಾಲು, ಆಮೇಲೆ ಉಸಿರು, ಆಮೇಲೆ ಕಣ್ಣು ಮತ್ತು ಜಾಬ್, ಇವೆರಡನ್ನು ಬೇರೆ ಮಾಡಲಾರೆ, ಗುದ್ದಿನ ಬಲ ನಾಲ್ಕನೆಯದು. ಆದರೆ ಆ ನಾಲ್ಕನೆಯದು ಒಂದು ಮಟ್ಟಕ್ಕಿಂತ ಕೆಳಗಿಳಿದರೆ ಮೇಲಿನ ಮೂರೂ ಕೈಕೊಡುತ್ತವೆ, ಎದುರಾಳಿ ಅವುಗಳಿಗೆ ಬೆಲೆ ಕೊಡುವುದನ್ನು ನಿಲ್ಲಿಸುತ್ತಾನೆ. ಅವನು ನನ್ನನ್ನು ಹಗುರವಾಗಿ ಕಾಣದಷ್ಟು ಬಲವಿರಲಿ. ಅದಕ್ಕಿಂತ ಹೆಚ್ಚಿಗೆ ಸಿಕ್ಕಿದ್ದು ಲಾಭ.

ಚಹಾದಂಗಡಿಯಲ್ಲಿ ಈ ಮಾತು ಬಂದಾಗ ಯಾರಾದರೂ ಹೆವಿವೇಟ್ ಬಾಕ್ಸರುಗಳಾದ ಮೊಹಮ್ಮದ್ ಅಲಿ ಮತ್ತು ಜಾರ್ಜ್ ಫೋರ್ಮನ್ ಹೆಸರು ತೆಗೆಯುತ್ತಾರೆ. 1974ರ ಅಕ್ಟೋಬರ್ 30, ಆಫ್ರಿಕಾದ ಕಿನ್ಶಾಸಾ ನಗರ. ಫೋರ್ಮನ್ ಆಡಿದ ನಲವತ್ತಕ್ಕೆ ನಲವತ್ತೂ ಗೆದ್ದಿದ್ದರು, ಅದರಲ್ಲಿ 37 ನಾಕೌಟ್. ಫ್ರೇಜಿಯರ್, ನಾರ್ಟನ್ ಎಂಬ ಗಟ್ಟಿಗರಿಬ್ಬರನ್ನೂ ಎರಡೆರಡು ರೌಂಡಿನಲ್ಲಿ ಮುಗಿಸಿದ್ದರು. 32 ವರ್ಷದ ಅಲಿ ಹಗ್ಗಕ್ಕೆ ಒರಗಿ, ತೋಳುಗಳ ಮೇಲೆ ಗುದ್ದು ತಿಂದು, ದಣಿದ ಫೋರ್ಮನ್‌ರನ್ನು ಎಂಟನೆಯ ರೌಂಡಿನಲ್ಲಿ ಕೆಡವಿದರು. ‘ನೋಡಿ, ಬಲ ಸೋತಿತು,’ ಎನ್ನುತ್ತಾರೆ. ಕಥೆಯ ಉಳಿದರ್ಧವನ್ನು ಅವರು ಹೇಳುವುದಿಲ್ಲ. ಇಪ್ಪತ್ತು ವರ್ಷಗಳ ನಂತರ, 1994ರ ನವೆಂಬರ್ 5ರಂದು, 45 ವರ್ಷದ ಅದೇ ಫೋರ್ಮನ್ ಆಗಿನ ಚಾಂಪಿಯನ್ ಮೈಕಲ್ ಮೂರರ್ ಎದುರು ಒಂಬತ್ತು ರೌಂಡ್ ಮುಗಿದಾಗ ಮೂವರು ತೀರ್ಪುಗಾರರ ಚೀಟಿಯಲ್ಲೂ ಹಿಂದಿದ್ದರು. ವೇಗ ಹೋಗಿತ್ತು, ಕಾಲು ಹೋಗಿತ್ತು. ಹತ್ತನೆಯ ರೌಂಡಿನಲ್ಲಿ ಒಂದು ಎಡಗೈ, ಒಂದು ಬಲಗೈ. ಮೂರರ್ ಮಲಗಿದರು, ಫೋರ್ಮನ್ ಮತ್ತೆ ಜಗತ್ತಿನ ಹೆವಿವೇಟ್ ಚಾಂಪಿಯನ್. ಮನುಷ್ಯನಿಂದ ಎಲ್ಲಕ್ಕಿಂತ ಕೊನೆಗೆ ಹೋಗುವುದು ಗುದ್ದಿನ ಬಲ ಎಂದು ಉಸ್ತಾದರು ಹೇಳುತ್ತಿದ್ದರು. ಎಪ್ಪತ್ತು ದಾಟಿದ ಅವರು ನನ್ನ ಅಂಗೈಗೆ ಕೊಟ್ಟ ಒಂದು ಗುದ್ದಿನಿಂದ ಅದನ್ನು ನಂಬಿದೆ.

ನನ್ನ ಹುಡುಗಿಯರ ಬಾಯಲ್ಲಿ ಬೇರೆಯದೇ ಹೆಸರು: ನಿಖತ್ ಜರೀನ್. ಅವರು ತೆಲಂಗಾಣದ ನಿಜಾಮಾಬಾದಿನವರು, ಅಂದರೆ ನಮ್ಮ ಬೀದರಿನ ಗಡಿಯಾಚೆ ಸ್ವಲ್ಪ ದೂರ. 2022ರಲ್ಲಿ ಇಸ್ತಾಂಬುಲ್‌ನಲ್ಲಿ, 2023ರಲ್ಲಿ ದೆಹಲಿಯಲ್ಲಿ ವಿಶ್ವ ಚಾಂಪಿಯನ್. ಇಸ್ತಾಂಬುಲ್ ಫೈನಲ್‌ನಲ್ಲಿ ಐವರು ತೀರ್ಪುಗಾರರೂ ಅವರ ಪರ. ಆ ಪಂದ್ಯವನ್ನು ಮಕ್ಕಳಿಗೆ ಮೊಬೈಲ್‌ನಲ್ಲಿ ತೋರಿಸುವಾಗ ಮೊದಲ ಸಲ ಕೈ ನೋಡಬೇಡಿ, ಕಾಲು ನೋಡಿ ಎನ್ನುತ್ತೇನೆ. ಹುಮನಾಬಾದಿನಿಂದ ಬಂದು ಇಲ್ಲಿ ಸೋದರತ್ತೆಯ ಮನೆಯಲ್ಲಿ ಓದುತ್ತಿರುವ ಹುಡುಗಿಯೊಬ್ಬಳು ಎರಡನೆಯ ಸಲ ನೋಡುವಾಗ ಹೇಳಿದಳು: ‘ಸರ್, ಅವರು ಒಳಗೆ ಹೋಗುವಾಗ ಇರುವ ಜಾಗ ಬೇರೆ, ಹೊರಗೆ ಬರುವಾಗ ಇರುವ ಜಾಗ ಬೇರೆ.’ ಅವಳ ಗುದ್ದಿನಲ್ಲಿ ಇನ್ನೂ ಬಲವಿಲ್ಲ. ಆ ಕಣ್ಣಿದ್ದವಳಿಗೆ ಬಲ ಸೇರಿಸುವುದು ನನ್ನ ಕೆಲಸ, ಎರಡು ವರ್ಷ ಸಾಕು.

ಕಷ್ಟ ಕೊಡುವವನು ಇನ್ನೊಬ್ಬ. ಗಂಜ್‌ನ ಹಮಾಲರೊಬ್ಬರ ಮಗ, ಹದಿನಾರು ವರ್ಷ, ಹೆಗಲು ಈಗಲೇ ಬಾಗಿಲಷ್ಟು ಅಗಲ. ಬಂದ ದಿನವೇ ಬೇವಿನ ಮರದ ಚೀಲದ ಕಡೆ ನೋಡಿದ. ಉಸ್ತಾದರು ತೀರಿಕೊಂಡ ಮೇಲೆ ಅವರ ಅಂಗಳದಲ್ಲೇ ನಾನು ಕಲಿಸುತ್ತಿದ್ದೇನೆ. ಮರ ಅದೇ, ಚೀಲ ಮಾತ್ರ ನಾಲ್ಕನೆಯದು. ಅವನನ್ನು ಫರಸಿ ಕಲ್ಲಿನ ಮೇಲೆ ನಿಲ್ಲಿಸಿದೆ. ಎರಡು ವಾರ ಕಲ್ಲು ಎಣಿಸಿದ. ದಿನವೂ ಹೋಗುವಾಗ ಚೀಲವನ್ನು ಒಮ್ಮೆ ಮುಟ್ಟಿ ಹೋಗುತ್ತಿದ್ದ, ಗುಡಿಯ ಹೊಸ್ತಿಲು ಮುಟ್ಟಿದಂತೆ. ಮೂರನೆಯ ವಾರ ಮನಸ್ಸು ಕರಗಿ ಪಟ್ಟಿ ಕಟ್ಟಿದೆ, ಗ್ಲೌಸ್ ಕೊಟ್ಟು, ‘ಒಂದೇ ಒಂದು,’ ಎಂದೆ. ಬಲಗೈ ಹೋಯಿತು. ಚೀಲದ ಪಕ್ಕದ ಹೊಲಿಗೆ ಬಿಟ್ಟು ಕಟ್ಟಿಗೆಪುಡಿ ಸೊರಗುಟ್ಟಿ ನೆಲಕ್ಕೆ ಸುರಿಯಿತು. ಉಳಿದ ಮಕ್ಕಳು ಬಾಯಿ ಬಿಟ್ಟು ನಿಂತರು. ಅವನು ಬೈಗುಳಕ್ಕೆ ಸಿದ್ಧನಾಗಿ ತಲೆ ತಗ್ಗಿಸಿದ್ದ. ನಾನು ಒಳಗೆ ಹೋಗಿ ದಬ್ಬಣ, ಸುತಳಿ ತಂದು, ಪುಡಿಯನ್ನು ತುಂಬಿ ಹೊಲಿಯಲು ಕೂತೆ.

‘ಸರ್, ಹೊಲಿದ ಮೇಲೆ ಇನ್ನೊಂದು ಹೊಡೆಯಲೇ?’

‘ಎಡಗೈಯಿಂದ,’ ಎಂದೆ.